ಪೆಟ್ಟು ತಿಂದ ಮಿದುಳು ಹೇಳುವ ಕಥೆ

ಮೆಟ್ರಿ, ಕಂಪ್ಲಿ, ಸಂಡೂರು ಸೀಮೆಯವರಿಗೆ ಬುರ್ರಕಥೆಯ ದರೋಜಿ ಈರಮ್ಮನವರನ್ನು ಪರಿಚಯಿಸಬೇಕಿಲ್ಲ. 2014ರಲ್ಲಿ ತೀರಿಕೊಂಡ ಈ ತಾಯಿ ಅಕ್ಷರ ಕಲಿತವರಲ್ಲ. ಆದರೂ ಕುಮಾರರಾಮನಂಥ ದೊಡ್ಡ ದೊಡ್ಡ ಕಥೆಗಳು ಅವರ ಬಾಯಲ್ಲಿದ್ದವು. ಇಂಥ ಹಾಡಿಕೆ ಬರೀ ಕಂಠಪಾಠವಲ್ಲ. ಕಥೆ ಹಳೆಯದು, ಮಟ್ಟು ಹಳೆಯದು. ಎದುರು ಕೂತ ಜನರನ್ನು ನೋಡಿ ಹಿಗ್ಗಿಸುವ, ಕುಗ್ಗಿಸುವ ಮಾತು ಮಾತ್ರ ಆಗಿಂದಾಗ ಹುಟ್ಟಬೇಕು.

ಅದು ಹುಟ್ಟುವುದೆಲ್ಲಿ? ‘ಬಲ ಮಿದುಳು ಕಲೆಗೆ, ಎಡ ಮಿದುಳು ಲೆಕ್ಕಕ್ಕೆ’ ಎನ್ನುವ ವಾಟ್ಸಾಪ್ ವಿಜ್ಞಾನವನ್ನು ಪಕ್ಕಕ್ಕಿಡಿ. ಉತ್ತರದ ಎಳೆಗಳು ಸಿಕ್ಕಿದ್ದು ಮಿದುಳಿಗೆ ಪೆಟ್ಟಾದವರಲ್ಲಿ. ರಷ್ಯಾದ ಸಂಗೀತಕಾರ ಶೆಬಾಲಿನ್‌ಗೆ 1953 ಮತ್ತು 1959ರಲ್ಲಿ ಲಕ್ವ ಹೊಡೆಯಿತು. ಆಡುವ ಮಾತು ಹೋಯಿತು, ಕೇಳಿದ ಮಾತು ಅರ್ಥವಾಗದಾಯಿತು. ಅಂಥ ಸ್ಥಿತಿಯಲ್ಲೇ 1962ರಲ್ಲಿ ಐದನೆಯ ಸಿಂಫನಿ ಮುಗಿಸಿದರು. ಮಾತಿನ ದಾರಿ ಬೇರೆ, ರಾಗ ಕಟ್ಟುವ ದಾರಿ ಬೇರೆ ಎಂದಾಯಿತು.

ಇದಕ್ಕಿಂತ ವಿಚಿತ್ರವಾದದ್ದು 2005ರಲ್ಲಿ ಇಟಲಿಯ ಸಂಶೋಧಕರು ಪ್ರಕಟಿಸಿದ ಬೆಂಕಿಕಡ್ಡಿ ಲೆಕ್ಕ. ಕಡ್ಡಿಗಳಲ್ಲಿ ರೋಮನ್ ಅಂಕಿ ಬಳಸಿ ‘ಆರು = ಆರು + ಆರು’ ಎಂದು ಜೋಡಿಸಿಟ್ಟಿರುತ್ತಾರೆ. ಒಂದೇ ಕಡ್ಡಿ ಕದಲಿಸಿ ಸರಿ ಮಾಡಬೇಕು. ನಾವೆಲ್ಲ ಅಂಕಿಗೇ ಕೈ ಹಾಕುತ್ತೇವೆ. ಆದರೆ ಕೂಡುವ ಚಿಹ್ನೆಯ ನಿಂತ ಕಡ್ಡಿಯನ್ನು ಮಲಗಿಸಿದರೆ ‘ಆರು = ಆರು = ಆರು’, ಮುಗಿಯಿತು! ಇಂಥ ಲೆಕ್ಕವನ್ನು ಆರೋಗ್ಯವಂತರಲ್ಲಿ ಬಿಡಿಸಿದವರು ಶೇ 43. ಮಿದುಳಿನ ಮುಂಭಾಗದ ಹೊರಮಗ್ಗುಲಿಗೆ ಹಾನಿಯಾದ ರೋಗಿಗಳಲ್ಲಿ ಶೇ 82! ‘ಲೆಕ್ಕ ಎಂದರೆ ಹೀಗೇ ಇರಬೇಕು’ ಎಂದು ನಮ್ಮನ್ನು ಕಟ್ಟಿಹಾಕುವುದು ಆ ಭಾಗ. ಕಟ್ಟು ಸಡಿಲಾದವರಿಗೆ ದಾರಿ ಕಂಡಿತು.

ಹಾಗೆಂದು ಆ ಕಟ್ಟು ದಂಡವಲ್ಲ. ನಾಲಿಗೆಗೆ ಬಂದದ್ದರಲ್ಲಿ ಹಾಡಿಗೆ ಒಗ್ಗುವುದನ್ನು ಆರಿಸಲು ಅದೂ ಬೇಕು. ಇನ್ನು, ಅದೇ ಮುಂಭಾಗದ ಒಳಮಗ್ಗುಲಿಗೆ ಪೆಟ್ಟು ಬಿದ್ದರೆ ಹೊಸತು ಹೊಳೆಯುವುದೇ ಕಡಿಮೆಯಾಗುತ್ತದೆ ಎಂದು 2011ರಲ್ಲಿ ಇಸ್ರೇಲಿನ ಸಂಶೋಧಕರು ತೋರಿಸಿದರು. ಹೊಳೆಯಿಸುವುದು ಒಂದು ಜಾಲ, ತಡೆದು ಆರಿಸುವುದು ಇನ್ನೊಂದು. ಸೃಜನಶೀಲತೆ ಇವೆರಡರ ಜುಗಲ್‌ಬಂದಿ.

‘ಪೆಟ್ಟು ಬಿದ್ದರೆ ಪ್ರತಿಭೆ ಬರುತ್ತದೆ’ ಎಂದು ಮಾತ್ರ ಯಾರೂ ಓದಿಕೊಳ್ಳಬಾರದು. ಕಡ್ಡಿ ಲೆಕ್ಕದಲ್ಲಿ ಗೆದ್ದ ರೋಗಿಗಳಿಗೆ ಯೋಜಿಸಿ ಕೆಲಸ ಮಾಡುವುದು ಕಷ್ಟವಾಗಬಹುದು. ಶೆಬಾಲಿನ್‌ಗೆ ಮಾತು ಮರಳಲಿಲ್ಲ. ಸಂಡೂರು–ಹೊಸಪೇಟೆ ರಸ್ತೆಯ ಅದಿರು ಲಾರಿಗಳ ನಡುವೆ ಬೈಕ್ ಓಡಿಸುವವರು ದಯವಿಟ್ಟು ತಲೆ ಪೂರ್ತಿ ಮುಚ್ಚುವ ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿಯಿರಿ.