ಬೆಟ್ಟದ ಸಂಶೋಧನೆಗೆ ನಮ್ಮದೂ ಒಂದು ಪಾಲು

ತೋಟದ ಜಮಾ-ಖರ್ಚನ್ನು ನಾವು ವರ್ಷವರ್ಷವೂ ಬರೆದಿಡುತ್ತೇವೆ. ತೋಟವನ್ನು ಸಾಕುವ ಬೆಟ್ಟದ ಲೆಕ್ಕ ಇಟ್ಟವರು ಕಡಿಮೆ. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯ ವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಉಂಟು. ಹಸಿ ಸೊಪ್ಪು, ದರಕು, ಕೊಟ್ಟಿಗೆಯ ಹಾಸು ಎಲ್ಲವೂ ಅಲ್ಲಿಂದಲೇ ಬರಬೇಕು. ಕಾಫಿ ಬೆಳೆಗಾರರಿಗೂ ಹಳ್ಳದ ನೀರು ಕಾಡಿನ ಕೊಡುಗೆಯೇ. ಆದರೆ ಹಲವು ಬೆಟ್ಟಗಳಲ್ಲಿ ಹಳೆಯ ಮರಗಳಷ್ಟೇ ನಿಂತಿವೆ, ಸಸಿಗಳು ಮೇಲೇಳುತ್ತಿಲ್ಲ.

ಯಾವ ಮರದ ಸೊಪ್ಪನ್ನು, ಎಷ್ಟು, ಎಷ್ಟು ವರ್ಷಕ್ಕೊಮ್ಮೆ ಕಡಿದರೆ ಮರ ಉಳಿದೀತು? ಇದಕ್ಕೆ ಸಂಶೋಧನೆ ಬೇಕು, ಸಂಶೋಧನೆಗೆ ಹಣ ಬೇಕು. ಹಣ ಕೊಟ್ಟವರೇ ಪ್ರಶ್ನೆಯನ್ನೂ ಕೇಳುತ್ತಾರೆ ಎಂಬುದನ್ನು ನಾವು ಮರೆಯಬಾರದು.

ಬಿದಿರಿನ ಉದಾಹರಣೆ ನೋಡೋಣ. 1970ರ ದಶಕದಲ್ಲಿ ಕಾಗದದ ಕಾರ್ಖಾನೆಗಳಿಂದ ಬಿದಿರು ಬರಿದಾಗುತ್ತಿದೆಯೆಂದು ಬುಟ್ಟಿ ಹೆಣೆಯುವವರು ದೂರಿದರು. 1975ರಿಂದ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರೂ ಸಂಗಡಿಗರೂ ಉತ್ತರ ಕನ್ನಡದ ಕಾಡುಗಳಲ್ಲಿ ಬಿದಿರಿನ ಅಧ್ಯಯನ ನಡೆಸಿದರು. ಮೆಳೆಯ ಬುಡದ ಮುಳ್ಳನ್ನು ಸವರಿದರೆ ಹೊಸ ಬಿದಿರು ಸಲೀಸಾಗಿ ಏಳುತ್ತದೆ ಎಂಬುದು ಅಂದಿನ ಅರಣ್ಯ ಪದ್ಧತಿ. ಹಳ್ಳಿಗರು ಒಪ್ಪಲಿಲ್ಲ. ಮುಳ್ಳು ಹೋದರೆ ಕಳಲೆ ದನಗಳ ಪಾಲು ಎಂದರು. ಅಳೆದು ನೋಡಿದಾಗ ಹಳ್ಳಿಗರ ಮಾತೇ ನಿಜವಾಯಿತು. 1981ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಬಿದಿರಿನ ವರದಿಯನ್ನು ಪ್ರಕಟಿಸಿತು. ಹಳ್ಳಿಗರನ್ನು ಕೇಳದಿದ್ದರೆ ಈ ತಪ್ಪು ಇನ್ನೆಷ್ಟು ಕಾಲ ನಡೆಯುತ್ತಿತ್ತೋ!

ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಇಂಥದೇ ಅನುಭವ. 1974ರಲ್ಲಿ ಅದು ವನ್ಯಧಾಮವಾಯಿತು. ನೆಲಬೆಂಕಿ ನಿಂತದ್ದರಿಂದಲೇ ನೆಲ್ಲಿಮರಗಳಲ್ಲಿ ಬದನಿಕೆ ಹೆಚ್ಚಿತು, ಲಂಟಾನ ಹಬ್ಬಿತು ಎಂದು ಸೋಲಿಗರು ಹೇಳುತ್ತ ಬಂದರು. 1990ರ ದಶಕದಲ್ಲಿ ಸಂಶೋಧಕರು ಸೋಲಿಗರೊಡನೆ ಕೂಡಿ ನೆಲ್ಲಿಯ ಫಸಲನ್ನು ಅಂದಾಜು ಮಾಡುವ ಕೆಲಸ ಹಿಡಿದರು. ಮುಂದೆ ಬದನಿಕೆಯ ಹಾವಳಿಯೂ ಸಂಶೋಧನೆಯ ವಿಷಯವಾಯಿತು.

ಹಳ್ಳಿಯ ಮಾತೆಲ್ಲವೂ ವೇದವಾಕ್ಯವೆಂದು ನಾವು ಹೇಳುತ್ತಿಲ್ಲ. ಅದನ್ನೂ ಅಳೆದು ನೋಡಬೇಕು. ಆದರೆ ಅಳೆಯಬೇಕಾದದ್ದು ಏನೆಂದು ತೋರಿಸುವವರು ಕಾಡಿನೊಡನೆ ಬದುಕುವವರೇ.

ಹೊರಗಿನ ಧನಸಹಾಯ ಸಾಮಾನ್ಯವಾಗಿ ಮೂರೋ ಐದೋ ವರ್ಷದ್ದು. ಮತ್ತಿ, ಹೊನ್ನೆಗಳ ಲೆಕ್ಕ ಅಷ್ಟರಲ್ಲಿ ಮುಗಿಯುವಂಥದಲ್ಲ. ಆದ್ದರಿಂದ ನಮ್ಮ ಸಹಕಾರ ಸಂಘಗಳು ನಿವ್ವಳ ಲಾಭದಲ್ಲಿ ಸಣ್ಣದೊಂದು ಪಾಲನ್ನು ಪ್ರತಿ ವರ್ಷ ಬೆಟ್ಟದ ಸಂಶೋಧನೆಗೆ ತೆಗೆದಿಡುವುದು ಯೋಗ್ಯ. ಮೊತ್ತ ದೊಡ್ಡದಾಗಬೇಕಿಲ್ಲ, ತಪ್ಪದಿದ್ದರೆ ಸಾಕು. ಕೊಡುವಾಗ ಮೂರು ಷರತ್ತುಗಳಿರಲಿ:

1. ಪ್ರಶ್ನೆ ಊರಿನ ಸಭೆಯಲ್ಲಿ ನಿಶ್ಚಯವಾಗಬೇಕು. ತೋಟವಿಲ್ಲದೆ ಸೌದೆ, ಜೇನು, ಉಪ್ಪಾಗೆಯನ್ನು ನಂಬಿದವರೂ ಆ ಸಭೆಯಲ್ಲಿರಬೇಕು.

2. ಮರ ಎಣಿಸುವ, ಸೊಪ್ಪು ತೂಗುವ ಕೆಲಸಕ್ಕೆ ಊರಿನವರನ್ನೇ ತಕ್ಕ ಕೂಲಿ ಕೊಟ್ಟು ತೊಡಗಿಸಬೇಕು.

3. ಫಲಿತಾಂಶವನ್ನು ಕನ್ನಡದಲ್ಲಿ ಬರೆದು ಊರಿನವರ ಮುಂದೆ ಓದಿ ಹೇಳಬೇಕು.

ಧಾರಣೆ ಏರಿದಾಗ ತೋಟ ವಿಸ್ತರಿಸುವ ಉತ್ಸಾಹ ನಮಗೆಲ್ಲರಿಗೂ ಇದೆ. ವಿಸ್ತರಿಸಿದ ತೋಟಕ್ಕೆ ಸೊಪ್ಪು ಎಲ್ಲಿಂದ ಎಂಬ ಪ್ರಶ್ನೆಯನ್ನೂ ಅದರ ಜೊತೆಗೇ ಕೇಳಬೇಕಾಗಿದೆ. ಬರುವ ವಾರ್ಷಿಕ ಮಹಾಸಭೆಯಲ್ಲಿ ಸದಸ್ಯ ಬಾಂಧವರು ಈ ವಿಷಯವನ್ನು ಎತ್ತಿ ಚರ್ಚಿಸಬೇಕೆಂದು ನಮ್ಮ ವಿನಂತಿ.