ಕಪ್ಪು ಪರದೆಯ ಹೊಣೆ ಯಾರದು?

ಹಳೆಯ ಲ್ಯಾಪ್‌ಟಾಪ್‌ಗೆ ಹೊರಗಿನ ಮಾನಿಟರ್ ಜೋಡಿಸಿಕೊಳ್ಳುವುದು ಅದರ ಬಾಳಿಕೆ ಹೆಚ್ಚಿಸುವ ಅಗ್ಗದ ದಾರಿ. ಹನ್ನೆರಡು ಅಂಗುಲದ ಪರದೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ಓದುವ ಕಷ್ಟ ತಪ್ಪುತ್ತದೆ, ಹೊಸ ಯಂತ್ರ ಕೊಳ್ಳುವ ಖರ್ಚು ಮುಂದಕ್ಕೆ ಹೋಗುತ್ತದೆ. ಆದರೆ ಆ ಲ್ಯಾಪ್‌ಟಾಪ್ ಮುಕ್ತ ತಂತ್ರಾಂಶದಿಂದ ನಡೆಯುವಂಥದ್ದಾಗಿದ್ದು, ಕೇಬಲ್ ಸಿಕ್ಕಿಸಿದ ಮೇಲೂ ಮಾನಿಟರ್ ಕಪ್ಪಾಗಿಯೇ ಉಳಿದರೆ ‘ಪುಕ್ಕಟೆ ಸಾಫ್ಟ್‌ವೇರ್ ಅಂದರೆ ಇಷ್ಟೇ’ ಎಂಬ ತೀರ್ಪು ತಡವಿಲ್ಲದೆ ಬಂದುಬಿಡುತ್ತದೆ. ಆ ತೀರ್ಪನ್ನು ಪರೀಕ್ಷಿಸಿ ನೋಡಬೇಕು. ಲ್ಯಾಪ್‌ಟಾಪ್‌ನಿಂದ ಮಾನಿಟರ್‌ವರೆಗಿನ ಹಾದಿಯನ್ನು ಹಂತಹಂತವಾಗಿ ಹಿಂಬಾಲಿಸಿದರೆ, ಮುಕ್ತ ಯಂತ್ರವೊಂದು ಬಗೆಹರಿಯದಂತೆ ಎಡವುವುದು ಹೆಚ್ಚಾಗಿ ಅದರೊಳಗೆ ಮುಚ್ಚಿಟ್ಟ ಭಾಗ ಇರುವ ಕಡೆಯಲ್ಲೇ ಎಂಬುದು ಕಾಣುತ್ತದೆ.

ಕೇಬಲ್ ಸಿಕ್ಕಿಸಿದ ಕೂಡಲೇ ಚಿತ್ರ ಹರಿಯುವುದಿಲ್ಲ. ಮೊದಲು ನಡೆಯುವುದು ಪರಿಚಯ. ಎಚ್‌ಡಿಎಂಐ ಕೇಬಲ್‌ನ 19 ಪಿನ್ನುಗಳಲ್ಲಿ ಕೊನೆಯದು ‘ಇಲ್ಲೊಂದು ಮಾನಿಟರ್ ಇದೆ’ ಎಂದು ತಿಳಿಸುತ್ತದೆ. ಆ ಸೂಚನೆ ಬಂದ ಮೇಲೆ ಲ್ಯಾಪ್‌ಟಾಪ್ ಬೇರೆ ಎರಡು ತಂತಿಗಳ ಮೂಲಕ ಮಾನಿಟರಿನೊಳಗಿನ ಪುಟ್ಟ ಮೆಮೊರಿ ಚಿಪ್ಪನ್ನು ಓದುತ್ತದೆ. ಅದರಲ್ಲಿರುವ ಇಡಿಐಡಿ ಎಂಬ ದಾಖಲೆ ಮಾನಿಟರಿನ ಜಾತಕವಿದ್ದಂತೆ: ತಯಾರಕರ ಮೂರಕ್ಷರದ ಗುರುತು, ತಯಾರಾದ ವರ್ಷ, ಪರದೆಯ ಅಗಲ ಎತ್ತರ ಎಷ್ಟು ಸೆಂಟಿಮೀಟರ್, ಯಾವ ಯಾವ ಅಳತೆಯ ಚಿತ್ರವನ್ನು ಎಷ್ಟು ವೇಗದಲ್ಲಿ ತೋರಿಸಬಲ್ಲದು, ಎಲ್ಲವೂ ಅಲ್ಲಿದೆ. ಮೂಲ ದಾಖಲೆಯ ಉದ್ದ ಬರೀ 128 ಬೈಟ್. ಮೊದಲು ಒಂದು ಸೊನ್ನೆ, ಆಮೇಲೆ ಆರು ಸಲ 255, ಮತ್ತೆ ಒಂದು ಸೊನ್ನೆ, ಹೀಗೆ ಅದು ಶುರುವಾಗುತ್ತದೆ. 128 ಬೈಟ್‌ಗಳನ್ನೂ ಕೂಡಿದರೆ ಬರುವ ಮೊತ್ತ 256ರಿಂದ ಶೇಷವಿಲ್ಲದೆ ಭಾಗವಾಗಬೇಕು, ಆಗದಿದ್ದರೆ ಓದಿದ್ದರಲ್ಲಿ ತಪ್ಪಿದೆ ಎಂದರ್ಥ. ಈ ಚಿಪ್ಪಿಗೆ ಬೇಕಾದ 5 ವೋಲ್ಟ್ ವಿದ್ಯುತ್ತನ್ನೂ ಲ್ಯಾಪ್‌ಟಾಪೇ ಕೇಬಲ್ ಮೂಲಕ ಒದಗಿಸುತ್ತದೆ. ಹಾಗಾಗಿ ಸಾಮಾನ್ಯವಾಗಿ ಮಾನಿಟರ್ ಆಫ್ ಆಗಿದ್ದರೂ ಅದರ ಪರಿಚಯ ಸಿಗುತ್ತದೆ.

ಮುಕ್ತ ಕಾರ್ಯಾಚರಣ ವ್ಯವಸ್ಥೆಯಾದ ಲಿನಕ್ಸ್‌ನಲ್ಲಿ ಈ ಪರಿಚಯದ ಪ್ರತಿ ಹಂತವನ್ನೂ ಯಾರು ಬೇಕಾದರೂ ತೆರೆದು ನೋಡಬಹುದು. ಪ್ರತಿ ಪೋರ್ಟಿಗೂ ಲಿನಕ್ಸ್‌ನ ತಿರುಳಾದ ಕರ್ನಲ್ ಒಂದೊಂದು ಫೋಲ್ಡರ್ ಇಟ್ಟಿರುತ್ತದೆ. ಅದರಲ್ಲಿನ ‘ಸ್ಟೇಟಸ್’ ಎಂಬ ಫೈಲಿನಲ್ಲಿ ಮಾನಿಟರ್ ಸಿಕ್ಕಿದೆಯೇ ಇಲ್ಲವೇ ಎಂಬುದು ಒಂದೇ ಪದದಲ್ಲಿದ್ದರೆ, ಪಕ್ಕದ ‘ಇಡಿಐಡಿ’ ಫೈಲಿನಲ್ಲಿ ಆ ಬೈಟ್‌ಗಳು ಇದ್ದಂತೆಯೇ ಇರುತ್ತವೆ. ಅಗ್ಗದ ವಿಜಿಎ ಕೇಬಲ್‌ಗಳಲ್ಲಿ ಕೆಲವೊಮ್ಮೆ ಜಾತಕ ಓದುವ ಆ ಎರಡು ತಂತಿಗಳನ್ನೇ ಕೈಬಿಟ್ಟಿರುತ್ತಾರೆ. ಆಗ ಜಾತಕ ಸಿಗದೆ ಲಿನಕ್ಸ್ ಸುರಕ್ಷಿತ ಆಯ್ಕೆಯೆಂದು 1024×768ಕ್ಕೆ ಇಳಿಯುತ್ತದೆ. ದೊಡ್ಡ ಪರದೆಯಲ್ಲಿ ಅಕ್ಷರ ಮಸುಕಾಗಿ, ಹಿಗ್ಗಿದಂತೆ ಕಂಡರೆ ಕಾರಣ ಹಲವು ಸಲ ಇದೇ. ಕೇಬಲ್ ಬದಲಿಸಬಹುದು, ಇಲ್ಲವೇ ಸರಿಯಾದ ಇಡಿಐಡಿ ಫೈಲನ್ನು ನಾವೇ ಕರ್ನಲ್‌ಗೆ ಒದಗಿಸಬಹುದು. ರೋಗವೂ ಕಣ್ಣಿಗೆ ಕಾಣುತ್ತದೆ, ಮದ್ದೂ ಕೈಗೆ ಸಿಗುತ್ತದೆ. ಇದು ಮುಕ್ತತೆಯಿಂದ ಬಂದ ಅನುಕೂಲ.

ಹಾಗಿದ್ದರೆ ಎಲ್ಲ ಕಾಣುವಂತಿದ್ದರೂ ಬಗೆಹರಿಯದ ತೊಡಕು ಎಲ್ಲಿ ಹುಟ್ಟುತ್ತದೆ? ಇದಕ್ಕೆ ಬರ್ಲಿನ್‌ನಲ್ಲಿ ರೂಪುಗೊಂಡ ಎಂಎನ್‌ಟಿ ರಿಫಾರ್ಮ್ ಎಂಬ ಲ್ಯಾಪ್‌ಟಾಪ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 2020ರಲ್ಲಿ ಆಸಕ್ತರಿಂದ ಮುಂಗಡ ಹಣ ಕೂಡಿಸಿ ತಯಾರಿಕೆ ಆರಂಭಿಸಿದ ಈ ಯಂತ್ರದಲ್ಲಿ ಸರ್ಕ್ಯೂಟ್ ನಕ್ಷೆಯಿಂದ ಹಿಡಿದು ಕೀಬೋರ್ಡ್ ನಡೆಸುವ ಪ್ರೋಗ್ರಾಂವರೆಗೆ ಎಲ್ಲವನ್ನೂ ಬಹಿರಂಗಪಡಿಸಿದ್ದಾರೆ. ಬ್ಯಾಟರಿ ಸೆಲ್‌ಗಳನ್ನು ಕೈಯಲ್ಲೇ ತೆಗೆದು ಹಾಕಬಹುದು. ಇದರ ಮೊದಲ ಮಾದರಿಗೆ ಬಳಸಿದ್ದು ಎನ್‌ಎಕ್ಸ್‌ಪಿ ಕಂಪನಿಯ ಐ.ಎಂಎಕ್ಸ್ 8ಎಂ ಪ್ರೊಸೆಸರ್. ಲ್ಯಾಪ್‌ಟಾಪ್‌ನದೇ 1920×1080ರ ಒಳಪರದೆ ಮುಕ್ತ ಡ್ರೈವರ್‌ಗಳಿಂದಲೇ ಬೆಳಗುತ್ತದೆ. ಪಕ್ಕದ ಎಚ್‌ಡಿಎಂಐ ಪೋರ್ಟಿನ ಕಥೆ ಬೇರೆ. ಪ್ರೊಸೆಸರ್‌ನೊಳಗಿನ ಎಚ್‌ಡಿಎಂಐ ಭಾಗಕ್ಕೆ ತನ್ನದೇ ಪುಟ್ಟ ಫರ್ಮ್‌ವೇರ್, ಅಂದರೆ ಆ ಭಾಗದೊಳಗೇ ನಡೆಯುವ ಪ್ರೋಗ್ರಾಂ, ಬೇಕು, ಅದು ಬೂಟ್ ಆಗುವಾಗಲೇ ಸೇರಬೇಕು. ತಯಾರಕರು ಅದನ್ನು ಸಿದ್ಧ ಬೈನರಿ ಫೈಲಾಗಿ ಮಾತ್ರ ಕೊಟ್ಟಿದ್ದಾರೆ. ಮೂಲ ಬರಹ ಸಿಗುವುದಿಲ್ಲ, ಮೇಲಾಗಿ ಫೈಲಿಗೆ ಡಿಜಿಟಲ್ ಸಹಿಯ ಬೀಗವಿದೆ.

ಒಳಪರದೆಯೂ ಹೊರಪರದೆಯೂ ಒಂದೇ ಚಿಪ್ಪಿನಿಂದ, ಒಂದೇ ಕರ್ನಲ್‌ನಡಿ ಚಿತ್ರ ಪಡೆಯುತ್ತವೆ. ಒಂದು ಪೂರ್ತಿ ಮುಕ್ತ ಹಾದಿಯಲ್ಲಿ ಬೆಳಗುತ್ತದೆ, ಇನ್ನೊಂದು ಮುಚ್ಚಿದ ಫೈಲಿಗಾಗಿ ಕಾಯುತ್ತದೆ. ವ್ಯತ್ಯಾಸದ ಮೂಲವನ್ನು ಬೇರೆಲ್ಲೂ ಹುಡುಕಬೇಕಿಲ್ಲ. ಈ ಚಿಪ್ಪಿನ ಎಚ್‌ಡಿಎಂಐ ಡ್ರೈವರನ್ನು ಲಿನಕ್ಸ್‌ನ ಮುಖ್ಯ ಕರ್ನಲ್‌ಗೆ ಸೇರಿಸುವ ಕೆಲಸವೂ ವರ್ಷಗಳ ಕಾಲ ತಿದ್ದುಪಡಿಯ ಮೇಲೆ ತಿದ್ದುಪಡಿಯಲ್ಲಿ ಎಳೆಯಿತು. ರಿಫಾರ್ಮ್ ತಂಡ ತನ್ನ ಕರ್ನಲ್‌ಗೆ ತಾನೇ ಪ್ಯಾಚ್ ಹಾಕಿಕೊಂಡು ದಿನ ದೂಡಬೇಕಾಯಿತು. ಬಳಕೆದಾರರ ಪಾಲಿಗೆ ಅವರು ‘ರಿಫಾರ್ಮ್ ಡಿಸ್‌ಪ್ಲೇ ಕಾನ್ಫಿಗ್’ ಎಂಬ ಪುಟ್ಟ ಆದೇಶವನ್ನು ಕೊಟ್ಟಿದ್ದಾರೆ. ಅದಕ್ಕೆ ‘ಡ್ಯುಯಲ್’ ಎಂದರೆ, ಯಂತ್ರದಲ್ಲಿ ಯಾವ ಭಾಗ ಎಲ್ಲಿದೆ ಎಂದು ಕರ್ನಲ್‌ಗೆ ತಿಳಿಸುವ ಡಿವೈಸ್ ಟ್ರೀ ಫೈಲು ಬದಲಾಗುತ್ತದೆ. ಮತ್ತೆ ಬೂಟ್ ಮಾಡಿದಾಗ ಎರಡೂ ಪರದೆ ಬಳಕೆಗೆ ಸಿಗುತ್ತವೆ. ಕೇಬಲ್ ಸಿಕ್ಕಿಸಿ ಕೂತವರಿಗೆ ಇದು ಗೊತ್ತಿಲ್ಲದಿದ್ದರೆ ಮಾನಿಟರ್ ಕಪ್ಪಾಗಿಯೇ ಇರುತ್ತದೆ, ಕೆಟ್ಟ ಹೆಸರು ಮಾತ್ರ ಲಿನಕ್ಸ್‌ಗೆ.

‘ದೋಷ ಮುಚ್ಚಿದ ಭಾಗದ್ದಲ್ಲ, ಯಂತ್ರದ ವಯಸ್ಸಿನದು’ ಎಂದು ಯಾರಾದರೂ ಹೇಳಬಹುದು. ಆ ಮಾತಿನಲ್ಲಿ ಒಂದು ಪಾಲು ಸತ್ಯವಿದೆ, ಅದನ್ನು ಲೆಕ್ಕ ಹಾಕಿಯೇ ನೋಡಬಹುದು. 1920×1080ರ ಚಿತ್ರಕ್ಕೆ, ಅಂಚಿನ ಖಾಲಿ ಅವಧಿ ಸೇರಿ, ಪ್ರತಿ ಸಲ 2200×1125 ಬಿಂದುಗಳಷ್ಟು ಸಮಯ ಬೇಕು. ಸೆಕೆಂಡಿಗೆ 60 ಸಲವೆಂದರೆ 14 ಕೋಟಿ 85 ಲಕ್ಷ ಬಿಂದುಗಳು. ಕೊಳವೆ ಟಿವಿಯ ಕಾಲದಲ್ಲಿ ಎಲೆಕ್ಟ್ರಾನ್ ಕಿರಣ ಹಿಂದಕ್ಕೆ ಬರಲು ಬಿಡುತ್ತಿದ್ದ ಬಿಡುವೇ ಆ ಖಾಲಿ ಅವಧಿಯಾಗಿ ಇಂದಿಗೂ ಉಳಿದಿದೆ. 3840×2160ರ ಮಾನಿಟರ್ 60 ಸಲ ಬೇಡಿದರೆ ಸಂಖ್ಯೆ ನಾಲ್ಕು ಪಟ್ಟು, 59 ಕೋಟಿ 40 ಲಕ್ಷಕ್ಕೆ ಏರುತ್ತದೆ. ಎಚ್‌ಡಿಎಂಐ 1.4ರ ಮಿತಿ 34 ಕೋಟಿ. ಅಂಥ ಪೋರ್ಟಿರುವ ಲ್ಯಾಪ್‌ಟಾಪ್‌ನಿಂದ ಈ ಪೂರ್ಣ ವೇಗವನ್ನು ಯಾವ ತಂತ್ರಾಂಶವೂ ಹೊರಡಿಸಲಾರದು. ಆದರೆ ವಯಸ್ಸು ಹಾಕುವ ಈ ಮಿತಿ ಮುಂಚೆಯೇ ತಿಳಿಯುವಂಥದ್ದು. ಸೆಕೆಂಡಿಗೆ 30 ಸಲಕ್ಕೆ ಇಳಿಸಿದರೆ, ಇಲ್ಲವೇ ಚಿತ್ರದ ಅಳತೆ ತಗ್ಗಿಸಿದರೆ ಪರದೆ ಬರುತ್ತದೆ. ಸಾಮಾನ್ಯ 1080ರ ಮಾನಿಟರ್ ಕೂಡ ಕಪ್ಪಾಗಿ ಕೂತಾಗ ಈ ಲೆಕ್ಕ ನೆರವಿಗೆ ಬಾರದು.

ವಯಸ್ಸಿನ ವಾದಕ್ಕೆ ಇನ್ನೂ ಗಟ್ಟಿ ಉತ್ತರ 2008ರ ಥಿಂಕ್‌ಪ್ಯಾಡ್ ಎಕ್ಸ್200. ರಿಫಾರ್ಮ್‌ಗಿಂತ ಹನ್ನೆರಡು ವರ್ಷ ಹಿರಿದಾದ ಈ ಲ್ಯಾಪ್‌ಟಾಪ್‌ನಲ್ಲಿ ಯಂತ್ರವನ್ನು ಎಬ್ಬಿಸುವ ತಯಾರಕರ ಬಯಾಸ್ ತೆಗೆದು ಅದರ ಮುಕ್ತ ಬದಲಿಯಾದ ಲಿಬ್ರೆಬೂಟ್ ಹಾಕಬಹುದು. ಪರದೆಯನ್ನು ಎಬ್ಬಿಸುವ ಇಂಟೆಲ್‌ನ ಮುಚ್ಚಿದ ವಿಡಿಯೊ ಬಯಾಸ್ ಜಾಗದಲ್ಲಿ ಅಡಾ ಭಾಷೆಯಲ್ಲಿ ಬರೆದ ಮುಕ್ತ ಪ್ರೋಗ್ರಾಂ ಇದೆ. ಮುಂದಿನದನ್ನು ಲಿನಕ್ಸ್‌ನ ಮುಕ್ತ ಡ್ರೈವರ್ ನೋಡಿಕೊಳ್ಳುತ್ತದೆ. ಅದರ ವಿಜಿಎ ಪೋರ್ಟಿಗೆ ಮಾನಿಟರ್ ಸಿಕ್ಕಿಸಿದರೆ ಯಾವ ಗುಪ್ತ ಫೈಲೂ ಇಲ್ಲದೆ ಚಿತ್ರ ಮೂಡುತ್ತದೆ. ಯಂತ್ರ ಹಳೆಯದು, ಮುಕ್ತತೆ ಹೆಚ್ಚು, ತೊಂದರೆ ಕಡಿಮೆ. ಯುಎಸ್‌ಬಿಯಿಂದ ಮಾನಿಟರ್ ನಡೆಸುವ ಡಿಸ್‌ಪ್ಲೇಲಿಂಕ್ ಅಡಾಪ್ಟರ್‌ಗಳೂ ಇದೇ ಸಾಕ್ಷ್ಯ ಹೇಳುತ್ತವೆ. ಯುಎಸ್‌ಬಿ 2.0 ಕಾಲದ ಅಡಾಪ್ಟರ್‌ಗಳ ಡ್ರೈವರ್ ಕರ್ನಲ್‌ನೊಳಗೇ ಇರುವುದರಿಂದ ಬೇರೇನೂ ಹಾಕಿಕೊಳ್ಳಬೇಕಿಲ್ಲ. ಅದೇ ಕಂಪನಿಯ ಹೊಸ, ವೇಗದ ಯುಎಸ್‌ಬಿ 3.0 ಅಡಾಪ್ಟರ್‌ಗಳಿಗೆ ಮಾತ್ರ ಮುಚ್ಚಿದ ಡ್ರೈವರ್ ಬೇಕು.

‘ಆ ಒಂದು ಫೈಲು ಹಾಕಿಕೊಂಡರೆ ರಿಫಾರ್ಮ್‌ನಲ್ಲೂ ಎಚ್‌ಡಿಎಂಐ ನಡೆಯುತ್ತದಲ್ಲ, ಇಷ್ಟು ಪಟ್ಟು ಯಾಕೆ?’ ಎಂಬುದು ಹೆಚ್ಚು ಗಂಭೀರವಾದ ಆಕ್ಷೇಪ. ನಡೆಯುತ್ತದೆ, ನಿಜ. ಆ ಫೈಲು ಬಳಸಿ ಮಾನಿಟರ್ ನೋಡುವವರನ್ನು ದೂರುವ ಹಕ್ಕು ಯಾರಿಗೂ ಇಲ್ಲ. ರಿಫಾರ್ಮ್‌ನಲ್ಲೇ ರ‍್ಯಾಮ್ ಸಿದ್ಧಪಡಿಸಲು ಇನ್ನೊಂದು ಮುಚ್ಚಿದ ತುಣುಕು ಬೇಕಾಗುತ್ತದೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಆದರೂ ನನ್ನ ತಕರಾರು ಉಳಿಯುತ್ತದೆ. ಯಾವುದೋ ಒಂದು ಮಾನಿಟರಿನ ಜೊತೆ ಆ ಫರ್ಮ್‌ವೇರ್ ಹೊಂದಿಕೊಳ್ಳದಿದ್ದರೆ ಅದನ್ನು ತಿದ್ದುವವರು ತಯಾರಕರು ಮಾತ್ರ, ಹಳೆಯ ಚಿಪ್ಪಿನ ಮೇಲೆ ಸಮಯ ಕಳೆಯಲು ಅವರಿಗೆ ಕಾರಣವಿರುವುದಿಲ್ಲ. ಹಳೆಯ ಯಂತ್ರಗಳು ಬದುಕುಳಿಯುವುದು ತಯಾರಕರು ಮರೆತ ಮೇಲೂ ಯಾರೋ ಒಬ್ಬರು ತಿದ್ದುವುದರಿಂದ. ಸಹಿಯ ಬೀಗ ಆ ದಾರಿಯನ್ನೇ ಮುಚ್ಚುತ್ತದೆ.

ಮುಕ್ತ ಡ್ರೈವರ್‌ಗೆ ಅಡ್ಡಿ ಎಚ್‌ಡಿಎಂಐ ಮಾನದಂಡ ರೂಪಿಸುವ ಕೂಟದಿಂದಲೂ ಬರಬಹುದು. 2024ರ ಫೆಬ್ರವರಿಯಲ್ಲಿ ಹೊರಬಿದ್ದ ಸಂಗತಿ ನೋಡಿ: ಎಚ್‌ಡಿಎಂಐ 2.1ರ ಪೂರ್ಣ ಸಾಮರ್ಥ್ಯವನ್ನು ಲಿನಕ್ಸ್‌ನ ಮುಕ್ತ ಡ್ರೈವರ್‌ನಲ್ಲಿ ಒದಗಿಸಲು ಎಎಂಡಿ ಕಂಪನಿ ಸಲ್ಲಿಸಿದ್ದ ಪ್ರಸ್ತಾವವನ್ನು ಎಚ್‌ಡಿಎಂಐ ಫೋರಂ ತಿರಸ್ಕರಿಸಿತು. ಕೋಡ್ ಬರೆಯಲು ಜನ ಇದ್ದರು, ಹಾರ್ಡ್‌ವೇರ್ ಇತ್ತು, ಕಂಪನಿಗೆ ಮನಸ್ಸೂ ಇತ್ತು. ಇಲ್ಲದ್ದು ಅನುಮತಿ. ಎಎಂಡಿಯ ಅವೇ ಗ್ರಾಫಿಕ್ಸ್ ಕಾರ್ಡುಗಳಲ್ಲಿರುವ ಡಿಸ್‌ಪ್ಲೇಪೋರ್ಟ್ ಎಂಬ ಇನ್ನೊಂದು ಬಗೆಯ ಪೋರ್ಟ್ ಇಂಥ ತಡೆಯಿಲ್ಲದೆ ಮುಕ್ತ ಡ್ರೈವರ್‌ನಲ್ಲಿ ನಡೆಯುತ್ತಿತ್ತು. ಮುಕ್ತ ತಂತ್ರಾಂಶದವರಿಗೆ ಕೈಲಾಗುವುದಿಲ್ಲ ಎಂಬ ಆರೋಪಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ.

ಹಳೆಯ ಲ್ಯಾಪ್‌ಟಾಪ್ ಕೊಂಡು ಲಿನಕ್ಸ್ ಹಾಕುವ ಯೋಚನೆ ಇರುವವರು, ಅದು ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಯಿಂದಾಗಲಿ ಬೇರೆಲ್ಲಿಂದಾಗಲಿ, ಪ್ರೊಸೆಸರ್ ಮತ್ತು ರ‍್ಯಾಮ್ ವಿಚಾರಿಸಿ ಸುಮ್ಮನಾಗಬೇಡಿ. ಯಾವ ಪೋರ್ಟ್ ಇದೆ, ಅದರ ಡ್ರೈವರ್ ಮುಖ್ಯ ಕರ್ನಲ್‌ನಲ್ಲಿದೆಯೇ, ಮುಚ್ಚಿದ ಫರ್ಮ್‌ವೇರ್ ಬೇಡುತ್ತದೆಯೇ ಎಂದು ಕೇಳಿ. ಡಿಸ್‌ಪ್ಲೇಪೋರ್ಟ್ ಇದ್ದರೆ ಅದಕ್ಕೇ ಮೊದಲ ಆದ್ಯತೆ ಕೊಡಿ. ಒಂದು ಪೆನ್‌ಡ್ರೈವ್‌ನಲ್ಲಿ ಲಿನಕ್ಸ್ ಹಾಕಿಕೊಂಡು ಹೋಗಿ, ಹಣ ಕೊಡುವ ಮುನ್ನ ಅದರಿಂದಲೇ ಬೂಟ್ ಮಾಡಿಸಿ, ಅಂಗಡಿಯ ಮಾನಿಟರ್ ಜೋಡಿಸಿ ನೋಡಿ.