ಪುಟ್ಟ ಕೈತೋಟ: ಯಾವ ತರಕಾರಿ ಆರಿಸೋಣ?



ದಸರಾ ರಜೆ ಮುಗಿಸಿ ಮತ್ತೆ ಶಾಲೆಗೆ ಬಂದಿದ್ದೀರಿ. ಮಳೆ ಹಿಂದೆ ಸರಿಯುತ್ತಿದೆ. ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಕಾಣತೊಡಗಿದೆ. ಆಶ್ವಯುಜ, ಕಾರ್ತಿಕ ಮಾಸಗಳ ಈ ಕಾಲವೇ ಶರದೃತು. ಹೊಲಗಳಲ್ಲಿ ಹಿಂಗಾರು ಬಿತ್ತನೆ ನಡೆಯುವ ಸಮಯ. ಶಾಲೆಯ ಕೈತೋಟಕ್ಕೂ ಇದು ಒಳ್ಳೆಯ ಕಾಲ.

ನಿಮ್ಮ ಶಾಲೆಯ ಪಕ್ಕದಲ್ಲಿ 3 ಮೀಟರ್ ಉದ್ದ, 3 ಮೀಟರ್ ಅಗಲದ ಜಾಗ ಇದೆ ಎಂದುಕೊಳ್ಳಿ. ಅಲ್ಲಿ ಏನು ಬೆಳೆಯೋಣ? ಒಬ್ಬರು ಎಲೆಕೋಸು ಎನ್ನುತ್ತಾರೆ. ಇನ್ನೊಬ್ಬರು ಕುಂಬಳ, ಮತ್ತೊಬ್ಬರು ಈರುಳ್ಳಿ. ಎಲ್ಲವನ್ನೂ ಹಾಕಿದರೆ ಏನಾದೀತು? ಕುಂಬಳದ ಬಳ್ಳಿ ಹಲವು ಮೀಟರ್ ಹರಿದು ಉಳಿದ ಗಿಡಗಳನ್ನೆಲ್ಲ ಮುಚ್ಚೀತು. ಈರುಳ್ಳಿ ಬೀಜ ಬಿತ್ತಿದರೆ ಗಡ್ಡೆ ಬಲಿಯಲು ಸುಮಾರು ಐದು ತಿಂಗಳು ಬೇಕು. ಅಷ್ಟರಲ್ಲಿ ಬೇಸಿಗೆ ರಜೆ ಬಂದೇ ಬಿಡುತ್ತದೆ. ರಜೆಯಲ್ಲಿ ನೀರು ಹಾಕುವವರು ಯಾರು? ನೀವು ಇಷ್ಟು ದಿನ ಸಾಕಿದ ಗಿಡಗಳು ಕೊನೆಯಲ್ಲಿ ಒಣಗಿ ಹೋಗಬಾರದಲ್ಲವೇ?

ಆದ್ದರಿಂದ ಬೀಜದ ಪೊಟ್ಟಣದ ಮೇಲಿನ ಚಿತ್ರ ನೋಡಿ ತರಕಾರಿ ಆರಿಸುವುದು ಬೇಡ. ನಾಲ್ಕು ಪ್ರಶ್ನೆ ಕೇಳಿ ಆರಿಸೋಣ. ಎಷ್ಟು ದಿನ? ಎಷ್ಟು ತಂಪು? ಎಷ್ಟು ಜಾಗ? ಎಷ್ಟು ನೀರು?

ಎಷ್ಟು ದಿನ?

ನವೆಂಬರ್ 1ರಂದು ಬಿತ್ತಿ, ಮಾರ್ಚ್ 31ರೊಳಗೆ ಎಲ್ಲವನ್ನೂ ಕೊಯ್ಯಬೇಕು ಎಂದಿಟ್ಟುಕೊಳ್ಳೋಣ. 30 + 31 + 31 + 28 + 31 = 151. ನಮ್ಮ ಕೈಯಲ್ಲಿರುವುದು 151 ದಿನ. ಈಗ ಈ ಪಟ್ಟಿ ನೋಡಿ.

ಮೆಂತ್ಯ ಸೊಪ್ಪು: 25ರಿಂದ 30 ದಿನ
ಪಾಲಕ್, ಕೊತ್ತಂಬರಿ ಸೊಪ್ಪು: 35ರಿಂದ 40 ದಿನ
ಮೂಲಂಗಿ: 40ರಿಂದ 50 ದಿನ
ಗಿಡ ಜಾತಿಯ ಬೀನ್ಸ್: ಮೊದಲ ಕಾಯಿಗೆ 50ರಿಂದ 60 ದಿನ
ಕ್ಯಾರೆಟ್: 80ರಿಂದ 100 ದಿನ
ಟೊಮೆಟೊ: ಸಸಿಮಡಿಯಲ್ಲಿ 25ರಿಂದ 30 ದಿನ, ನಾಟಿ ಮಾಡಿದ ಮೇಲೆ ಮೊದಲ ಹಣ್ಣಿಗೆ 60ರಿಂದ 70 ದಿನ
ಎಲೆಕೋಸು: ಸಸಿಮಡಿಯಲ್ಲಿ 25ರಿಂದ 30 ದಿನ, ನಾಟಿ ಮಾಡಿದ ಮೇಲೆ 70ರಿಂದ 90 ದಿನ

ತಳಿ, ಮಣ್ಣು, ಹವೆಗೆ ತಕ್ಕಂತೆ ಕೆಲವು ದಿನ ಹೆಚ್ಚು ಕಡಿಮೆ ಆಗಬಹುದು.

ಸೊಪ್ಪು ಇಷ್ಟು ಬೇಗ ಬರುತ್ತದೆ, ಟೊಮೆಟೊ ತಡ ಮಾಡುತ್ತದೆ. ಏಕೆ? ಗಿಡದ ಯಾವ ಭಾಗವನ್ನು ತಿನ್ನುತ್ತೇವೆ ಎಂದು ಯೋಚಿಸಿ. ಮೆಂತ್ಯದಲ್ಲಿ ನಮಗೆ ಬೇಕಾದುದು ಎಳೆಯ ಎಲೆ. ಗಿಡ ಚಿಕ್ಕದಿರುವಾಗಲೇ ಅದು ಸಿಗುತ್ತದೆ. ಟೊಮೆಟೊ ಗಿಡ ಮೊದಲು ಎಲೆ ಬಿಡಬೇಕು, ಆಮೇಲೆ ಹೂ, ಹೂವಿನಲ್ಲಿ ಪರಾಗಸ್ಪರ್ಶ, ಕಾಯಿ, ಕೊನೆಗೆ ಹಣ್ಣು. ದಾರಿ ಉದ್ದ, ದಿನಗಳೂ ಹೆಚ್ಚು.

ಎಷ್ಟು ತಂಪು?

ಹಗಲಿನಲ್ಲಿ ಎಲೆಗಳು ಬಿಸಿಲು, ನೀರು ಮತ್ತು ಇಂಗಾಲದ ಡೈಆಕ್ಸೈಡ್ ಬಳಸಿ ಸಕ್ಕರೆ ತಯಾರಿಸುತ್ತವೆ. ಇದು ದ್ಯುತಿಸಂಶ್ಲೇಷಣೆ ಎಂದು ನಿಮಗೆ ಗೊತ್ತು. ಆದರೆ ಗಿಡವೂ ನಮ್ಮಂತೆ ಹಗಲೂ ರಾತ್ರಿ ಉಸಿರಾಡುತ್ತದೆ. ಆಗ ಸಕ್ಕರೆಯ ಒಂದು ಪಾಲು ಖರ್ಚಾಗುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಈ ಖರ್ಚು ಸುಮಾರು ಎರಡರಷ್ಟಾಗುತ್ತದೆ. ಸೆಖೆಯ ರಾತ್ರಿಯಲ್ಲಿ ಖರ್ಚು ಹೆಚ್ಚು, ತಂಪಾದ ರಾತ್ರಿಯಲ್ಲಿ ಉಳಿತಾಯ ಹೆಚ್ಚು. ಕ್ಯಾರೆಟ್, ಮೂಲಂಗಿಗಳು ಹೀಗೆ ಉಳಿದದ್ದನ್ನು ಬೇರಿನಲ್ಲಿ ಕೂಡಿಡುತ್ತವೆ. ಚಳಿಗಾಲದ ಕ್ಯಾರೆಟ್ ಸಿಹಿಯಾಗಿರಲು ಇದೂ ಒಂದು ಕಾರಣ. ಬಿಸಿ ಹೆಚ್ಚಾದರೆ ಕೊತ್ತಂಬರಿ ಸೊಪ್ಪಾಗುವ ಮೊದಲೇ ಹೂ ಬಿಡುತ್ತದೆ. ಮೂಲಂಗಿ ಖಾರವಾಗಿ ಬೆಂಡಾಗುತ್ತದೆ.

ನಿಮ್ಮ ಊರು ಕರಾವಳಿಯಲ್ಲಿದೆಯೇ? ಅಲ್ಲಿ ಚಳಿಗಾಲದ ರಾತ್ರಿಯೂ ಅಷ್ಟು ತಂಪಾಗುವುದಿಲ್ಲ. ಎಲೆಕೋಸು, ಕ್ಯಾರೆಟ್ ಬದಲು ಹರಿವೆ, ಅಲಸಂಡೆ, ಬದನೆ ಆರಿಸಿರಿ. ಉಡುಪಿ ಹತ್ತಿರದ ಮಟ್ಟು ಗ್ರಾಮದ ಪ್ರಸಿದ್ಧ ಬದನೆ ಮಟ್ಟುಗುಳ್ಳವನ್ನೂ ಮಳೆಗಾಲ ಕಳೆದ ಮೇಲೆಯೇ ನಾಟಿ ಮಾಡುತ್ತಾರೆ.

ಎಷ್ಟು ಜಾಗ?

ನಮ್ಮ ಜಾಗದಲ್ಲಿ ಪೂರ್ವ-ಪಶ್ಚಿಮವಾಗಿ ಮೂರು ಮಡಿ ಮಾಡೋಣ. ಪ್ರತಿ ಮಡಿ 3 ಮೀಟರ್ ಉದ್ದ, 80 ಸೆಂಟಿಮೀಟರ್ ಅಗಲ. ನಡುವೆ ನಡೆಯಲು 30 ಸೆಂಟಿಮೀಟರಿನ ಎರಡು ದಾರಿ. ಮಡಿ ಇದಕ್ಕಿಂತ ಅಗಲವಾದರೆ ನಡುವಿನ ಕಳೆ ಕೀಳಲು ಕೈ ಎಟುಕುವುದಿಲ್ಲ. ತುಳಿದರೆ ಮಣ್ಣು ಗಟ್ಟಿಯಾಗುತ್ತದೆ.

ಎಲೆಕೋಸಿನ ಗಿಡಗಳ ನಡುವೆ 45 ಸೆಂಟಿಮೀಟರ್ ಅಂತರ ಬೇಕು. ಒಂದು ಮಡಿಯಲ್ಲಿ ಎರಡು ಸಾಲು, ಸಾಲಿಗೆ 6 ಗಿಡ. ಒಟ್ಟು 12 ಎಲೆಕೋಸು. ಮೂಲಂಗಿಗೆ ಸಾಲಿನಲ್ಲಿ 10 ಸೆಂಟಿಮೀಟರ್ ಅಂತರ ಸಾಕು. ಅದೇ ಮಡಿಯಲ್ಲಿ ಮೂರು ಸಾಲು, ಸಾಲಿಗೆ 30. ಒಟ್ಟು 90 ಮೂಲಂಗಿ! ಎಲೆಕೋಸು ಬಲಿಯುವ ಹೊತ್ತಿಗೆ ಮೂಲಂಗಿ ಕಿತ್ತು, ಆ ಮಡಿಯಲ್ಲಿ ಬಿತ್ತಿದ ಬೀನ್ಸ್ ಹೂ ಬಿಟ್ಟಿರುತ್ತದೆ. ಎಲೆಕೋಸು ಕೆಟ್ಟ ತರಕಾರಿಯಲ್ಲ. ಆದರೆ ಪುಟ್ಟ ತೋಟಕ್ಕೆ ದುಬಾರಿ.

ಎಷ್ಟು ನೀರು?

ಒಂದು ಚದರ ಮೀಟರ್ ನೆಲದ ಮೇಲೆ 1 ಮಿಲಿಮೀಟರ್ ಎತ್ತರ ನೀರು ನಿಂತರೆ ಅದು ಸರಿಯಾಗಿ 1 ಲೀಟರ್. ಬೇಕಾದರೆ ಲೆಕ್ಕ ಮಾಡಿ ನೋಡಿ. ಚಳಿಗಾಲದಲ್ಲಿ ತರಕಾರಿ ಮಡಿಗೆ ದಿನಕ್ಕೆ ಸುಮಾರು 4 ಮಿಲಿಮೀಟರ್ ನೀರು ಬೇಕೆಂದುಕೊಳ್ಳೋಣ. ಒಂದು ಮಡಿಯ ವಿಸ್ತೀರ್ಣ 3 × 0.8 = 2.4 ಚದರ ಮೀಟರ್. ಮೂರು ಮಡಿಗೆ 7.2 ಚದರ ಮೀಟರ್. 7.2 × 4 = 28.8 ಲೀಟರ್.

ಈ ನೀರು ಎಲ್ಲಿಂದ? ಬಿಸಿಯೂಟದ ಹೊತ್ತಿನಲ್ಲಿ 60 ಮಕ್ಕಳು ಅರ್ಧ ಅರ್ಧ ಲೀಟರ್ ನೀರಿನಲ್ಲಿ ಕೈ ತೊಳೆದರೂ 30 ಲೀಟರ್ ಆಯಿತು! ಸೋಪು ಬೆರೆಯದ ನೀರನ್ನು ಹಿಡಿದು, ಅನ್ನದ ಅಗಳು ಸೋಸಿ, ಅಂದೇ ಗಿಡದ ಬುಡಕ್ಕೆ ಹಾಕಿ. ಸೊಪ್ಪಿನ ಮಡಿಗೆ ಮಾತ್ರ ಶುದ್ಧ ನೀರೇ ಇರಲಿ. ಅಡುಗೆಗೆ ಮೊದಲು ತರಕಾರಿಯನ್ನು ಚೆನ್ನಾಗಿ ತೊಳೆಯಬೇಕು.

ಆದರೆ ಮಾರ್ಚ್‌ನಲ್ಲಿ ಬಿಸಿಲು ಏರುತ್ತದೆ. ಆಗ ದಿನಕ್ಕೆ 6 ಮಿಲಿಮೀಟರ್ ಬೇಕಾದರೆ ಮೂರು ಮಡಿಗೆ 43 ಲೀಟರಿಗೂ ಹೆಚ್ಚು. ಕೊಳವೆಬಾವಿಗಳಲ್ಲಿ ನೀರು ಇಳಿಯುವುದೂ ಆಗಲೇ. ಕುಡಿಯುವ ನೀರನ್ನು ತೋಟಕ್ಕೆ ಸುರಿಯಲಾಗದು. ಹಾಗಾಗಿ ಬೇಸಿಗೆ ಬರುತ್ತಿದ್ದಂತೆ ತೋಟ ಚಿಕ್ಕದಾಗುತ್ತ ಹೋಗಬೇಕು. ಎರಡೇ ಮಡಿ ಉಳಿದರೆ ಎಷ್ಟು? 4.8 × 6 = 28.8 ಲೀಟರ್. ಗಮನಿಸಿದಿರಾ? ನವೆಂಬರ್‌ನಲ್ಲಿ ಮೂರು ಮಡಿಗೆ ಸಾಕಾದ ನೀರೇ ಮಾರ್ಚ್‌ನಲ್ಲಿ ಎರಡು ಮಡಿಗೆ ಸಾಕು.

ನಮ್ಮ ಆಯ್ಕೆ

ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತದೆ. ಡಿಸೆಂಬರ್‌ನಲ್ಲಿ ನಮ್ಮ ರಾಜ್ಯದ ಯಾವ ಊರಿನಲ್ಲಾದರೂ 3 ಮೀಟರ್ ಎತ್ತರದ ಗೋಡೆಯ ನೆರಳು ನಡುಮಧ್ಯಾಹ್ನವೂ 2 ಮೀಟರಿಗಿಂತ ಉದ್ದ. ಆದ್ದರಿಂದ ಗೋಡೆಯ ಉತ್ತರ ಮಗ್ಗುಲಲ್ಲಿ ತೋಟ ಬೇಡ. ಎತ್ತರದ ಗಿಡಗಳು ಉತ್ತರದ ಮಡಿಯಲ್ಲಿರಲಿ. ಆಗ ಅವುಗಳ ನೆರಳು ಬೇರೆ ಗಿಡಗಳ ಮೇಲೆ ಬೀಳುವುದಿಲ್ಲ.

ಉತ್ತರದ ಮಡಿ: ನವೆಂಬರ್ 1ಕ್ಕೆ ಮೆಂತ್ಯ ಬಿತ್ತಿ. ಅದೇ ದಿನ ಒಂದು ಬುಟ್ಟಿಯಲ್ಲಿ ಟೊಮೆಟೊ ಬೀಜ ಹಾಕಿ. ತಿಂಗಳ ಕೊನೆಗೆ ಮೆಂತ್ಯ ಕಿತ್ತು ಬಿಸಿಯೂಟಕ್ಕೆ ಕೊಡಿ. ಖಾಲಿಯಾದ ಮಡಿಯಲ್ಲಿ ಟೊಮೆಟೊ ಸಸಿ ನೆಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಹಣ್ಣು.

ನಡುವಿನ ಮಡಿ: ಮೊದಲು ಮೂಲಂಗಿ. ಡಿಸೆಂಬರ್ ಮಧ್ಯದಲ್ಲಿ ಅದನ್ನು ಕಿತ್ತು ಬೀನ್ಸ್ ಬಿತ್ತಿ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ನಿಶಾಂತ್’ ಮೂಲಂಗಿ, ‘ಅರ್ಕಾ ಕೋಮಲ್’ ಬೀನ್ಸ್ ಇದಕ್ಕೆ ಹೊಂದುತ್ತವೆ.

ದಕ್ಷಿಣದ ಮಡಿ: ಪಾಲಕ್ ಮತ್ತು ಕೊತ್ತಂಬರಿ. ಒಮ್ಮೆಲೇ ಬಿತ್ತಬೇಡಿ. ಮಡಿಯನ್ನು ಮೂರು ಭಾಗ ಮಾಡಿ, 15 ದಿನಕ್ಕೊಂದು ಭಾಗ ಬಿತ್ತಿ. ಆಗ ಸೊಪ್ಪು ಒಂದೇ ದಿನ ರಾಶಿಯಾಗದೆ ವಾರ ವಾರ ಸಿಗುತ್ತದೆ. ಫೆಬ್ರವರಿ ಕೊನೆಗೆ ಈ ಮಡಿಗೆ ವಿಶ್ರಾಂತಿ. ಉಳಿದ ಎರಡು ಮಡಿಗೆ ಒಣ ಎಲೆಗಳ ಹೊದಿಕೆ ಹಾಕಿ ತೇವ ಕಾಪಾಡಿ.

ನಿಮಗೆ ಗೊತ್ತೇ?

ಹಳ್ಳಿಗಳಲ್ಲಿ ರಾಗಿಯ ಜೊತೆ ಬಿತ್ತುವ ನಾಟಿ ಅವರೆ ಋತುವನ್ನು ಗುರುತಿಸಬಲ್ಲದು! ಬೆಂಗಳೂರಿನಲ್ಲಿ ಜೂನ್ 21ರ ಹಗಲು ಸುಮಾರು 12 ಗಂಟೆ 50 ನಿಮಿಷ. ಡಿಸೆಂಬರ್ 21ರ ಹಗಲು ಸುಮಾರು 11 ಗಂಟೆ 20 ನಿಮಿಷ. ಹಗಲು ಕುಗ್ಗಿ ರಾತ್ರಿ ಹಿಗ್ಗಿದಾಗ ಮಾತ್ರ ನಾಟಿ ಅವರೆ ಹೂ ಬಿಡುತ್ತದೆ. ಸೊಗಡಿನ ಅವರೆಕಾಯಿ ಚಳಿಗಾಲದಲ್ಲಿ ಬರುವುದು ಇದರಿಂದಲೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ‘ಹೆಬ್ಬಾಳ ಅವರೆ’ ತಳಿಗಳು ಹೀಗೆ ಕಾಯುವುದಿಲ್ಲ. ಅವು ಬೇರೆ ಕಾಲದಲ್ಲೂ ಹೂ ಬಿಡುತ್ತವೆ.

ಮಾಡಿ ನೋಡಿ

1. ಒಂದು ಕೊತ್ತಂಬರಿ ಕಾಳನ್ನು ಮೆಲ್ಲಗೆ ಒತ್ತಿ. ಅದು ಎರಡು ಹೋಳಾಗುತ್ತದೆ. ಒಂದೊಂದು ಹೋಳಿನಲ್ಲೂ ಒಂದು ಬೀಜ! ಬಿತ್ತುವ ಮೊದಲು ಹೀಗೆ ಹೋಳು ಮಾಡಿದರೆ ಚೆನ್ನಾಗಿ ಮೊಳೆಯುತ್ತದೆ.

2. ಒದ್ದೆ ಬಟ್ಟೆಯಲ್ಲಿ 20 ಮೂಲಂಗಿ ಬೀಜ ಸುತ್ತಿಡಿ. ಬಟ್ಟೆ ಒಣಗದಂತೆ ನೋಡಿಕೊಳ್ಳಿ. ಐದು ದಿನದ ನಂತರ ಎಷ್ಟು ಮೊಳೆತಿವೆ ಎಣಿಸಿ, ಶೇಕಡಾವಾರು ಕಂಡುಹಿಡಿಯಿರಿ.

3. ನಿಮ್ಮ ಶಾಲೆಯ ಜಾಗ ಅಳೆಯಿರಿ. ನಾಲ್ಕು ಪ್ರಶ್ನೆಗಳಿಗೂ ನಿಮ್ಮ ಊರಿನ ಉತ್ತರ ಬರೆಯಿರಿ. ಮನೆಯ ಅಜ್ಜ, ಅಜ್ಜಿಯರನ್ನೂ ಕೇಳಿ. ಆಮೇಲೆ ಬೀಜ ತನ್ನಿ.